ಹಾಡಿಗೊಬ್ಬ ಒಡೆಯ

ಕಡೂರಿನ ರಾಜ್ಯೋತ್ಸವದ ವೇದಿಕೆಯ ಮೇಲೆ ಸುಲೋಚನಮ್ಮ ಟೀಚರಿಗೆ ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟಾಗ ಹೊನ್ನೇಶ ಅವರಿಂದ ಆರೇ ಅಡಿ ಹಿಂದೆ ಕೀಬೋರ್ಡಿನ ಮುಂದೆ ನಿಂತಿದ್ದ. 'ಅಂಗಳಕಿಳಿಯೇ ಎಳೆಬಿಸಿಲೆ' ಎನ್ನುವ ಹಾಡಿಗಾಗಿ ಆ ಸನ್ಮಾನ. ಮಾತು ಟೀಚರದು, ರಾಗ ಹೊನ್ನೇಶನದು. ಟೀಚರಮ್ಮ ಮೈಕ್ ಹಿಡಿದು ಐದು ನಿಮಿಷ ಮಾತಾಡಿದರು. ತೀರಿಹೋದ ತಂದೆಯನ್ನು ನೆನೆದರು, ದೇವನೂರಿನ ಶಾಲೆಯನ್ನು ನೆನೆದರು, ಶಾಲೆಯ ಮುಂದಿದ್ದ ಹೊಂಗೆ ಮರವನ್ನೂ ನೆನೆದರು. ಹೊಂಗೆ ಮರಕ್ಕೆ ಸಿಕ್ಕ ಜಾಗ ಹೊನ್ನೇಶನಿಗೆ ಸಿಗಲಿಲ್ಲ.

ಅವತ್ತೇ ಅವನು ಅವರ ನಂಬರನ್ನು ಬ್ಲಾಕ್ ಮಾಡಿದ. ತಿಂಗಳೊಪ್ಪತ್ತಿನಲ್ಲಿ ರಸ್ತೆ ಅಗಲ ಮಾಡುವ ಗಲಾಟೆಯಲ್ಲಿ ತರೀಕೆರೆ ಬಸ್‌ಸ್ಟ್ಯಾಂಡ್ ಪಕ್ಕದ ಅವನ ಆಂಪ್ಲಿಫೈಯರ್ ರಿಪೇರಿ ಅಂಗಡಿ ಹೋಯಿತು. ಕಡೂರಿಗೆ ಬಂದು ಹೊಸ ಅಂಗಡಿ ಹಾಕಿದ, ಹೊಸ ಸಿಮ್ ತಗೊಂಡ. ನಾಲ್ಕೈದು ವರ್ಷ ಕಳೆದ ಮೇಲೆ ಟೀಚರಮ್ಮ ಹೋದ ಸುದ್ದಿ ಬಂತು. ಅವರಿಗೆ ಮಕ್ಕಳಿರಲಿಲ್ಲ, ಗಂಡ ಹೋಗಿ ಎಷ್ಟೋ ಕಾಲವಾಗಿತ್ತು. ಹೊನ್ನೇಶ ಮಣ್ಣಿಗೆ ಹೋಗಲಿಲ್ಲ. ಮದುವೆಯೊಂದರಲ್ಲಿ ಆರ್ಕೆಸ್ಟ್ರಾ ಒಪ್ಪಿಕೊಂಡಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡ. ಅದು ನಿಜವೂ ಆಗಿತ್ತು.

ಅಷ್ಟರಲ್ಲಿ ಹಾಡು ಮಾತ್ರ ಊರೂರು ಸುತ್ತತೊಡಗಿತ್ತು. ಬೆಂಗಳೂರಿನ ಯಾವುದೋ ತಂಡ ಅದನ್ನು ಗಿಟಾರ್ ಇಟ್ಟುಕೊಂಡು ಹೊಸದಾಗಿ ಹಾಡಿ ಬಿಟ್ಟಿತ್ತು. ರೇಡಿಯೋದಲ್ಲಿ ಅದೇ, ಬೀರೂರು ಬಸ್ಸಿನಲ್ಲಿ ಅದೇ, ಬಾಣಂತಿಯರ ಫೋನಿನಲ್ಲೂ ಅದೇ. ಆ ತಂಡದವರಿಗೆ ಯಾರು ಬರೆದದ್ದೆಂದು ಗೊತ್ತಿರಲಿಲ್ಲ. 'ಸಾಹಿತ್ಯ, ಸಂಗೀತ: ಜಾನಪದ' ಎಂದು ಹಾಕಿಬಿಟ್ಟಿದ್ದರು. ಇನ್ನೂ ಐವತ್ತು ದಾಟದ ಹೊನ್ನೇಶ ಹಾಗೆ ಬದುಕಿದ್ದಂತೆಯೇ ಜಾನಪದನಾಗಿಬಿಟ್ಟ.

ಇದರಲ್ಲಿ ಕಾಸಿದೆ ಎನ್ನುವುದನ್ನು ಅವನಿಗೆ ತಿಳಿಸಿದ್ದು ಹೈವೇ ಮೇಲೆ ಹೋಟೆಲು ಇಟ್ಟಿರುವ ಧನಪಾಲ್. ಸ್ಪೀಕರ್ ರಿಪೇರಿಗೆಂದು ಕರೆಸಿ, ಕೈಗೊಂದು ನೋಟೀಸು ಕೊಟ್ಟ.

"ನೋಡಪ್ಪಾ ಹೊನ್ನೇಶ, ಜನ ಊಟ ಮಾಡ್ವಾಗ ಹಾಡು ಕೇಳುದ್ರೆ ಅದಕ್ಕೆ ನಾನು ಲೈಸೆನ್ಸ್ ಫೀ ಕಟ್ಬೇಕಂತೆ."

"ಯಾರಿಗ್ ಕಟ್ಬೇಕಂತೆ ಅಣ್ಣ?"

"ಹಾಡು ಬರ್ದೋರ್ಗೆ, ರಾಗ ಹಾಕ್ದೋರ್ಗೆ. ಬೆಂಗ್ಳೂರಲ್ಲಿ ಅವರ್ದೇ ಒಂದು ಸಂಘ ಐತಂತೆ. ಎಲ್ಲಾರ್ ಹತ್ರ ವಸೂಲಿ ಮಾಡಿ ಅವರವರ್ಗೆ ಹಂಚ್ತದಂತೆ. ನಾನು ಬಡಿಸಿದ್ ಅನ್ನಕ್ಕೆ ಯಾವ ಸಂಘನೂ ಇಲ್ಲ ನೋಡು."

ಹೊನ್ನೇಶ ಸ್ಪೀಕರನ್ನು ಸರಿ ಮಾಡಿದ, ಕೂಲಿ ಇಸಕೊಂಡ, ನೋಟೀಸಿನ ಫೋಟೊ ತೆಗೆದುಕೊಂಡ. ಮುಂದಿನ ಒಂದು ವಾರ ಅಂಗಡಿಯಲ್ಲಿ ಕೂತು ಫೋನಿನಲ್ಲಿ ಓದಿದ್ದೇ ಓದಿದ್ದು. ಶಾಲೆಯಲ್ಲಿ ಅಷ್ಟು ಓದಿದ್ದರೆ ಬೇರೆ ಏನೋ ಆಗಿರುತ್ತಿದ್ದ.

ಲೆಕ್ಕ ಅವನು ತಿಳಿದಷ್ಟು ಕಷ್ಟದ್ದಾಗಿರಲಿಲ್ಲ. ರೇಡಿಯೋದವರು ಯಾವ ಹಾಡನ್ನು ಎಷ್ಟು ಸಲ ಹಾಕಿದೆವೆಂದು ಸಂಘಕ್ಕೆ ಪಟ್ಟಿ ಕಳಿಸುತ್ತಾರೆ. ಟೀವಿಯವರೂ ಕಳಿಸುತ್ತಾರೆ, ಫೋನಿನಲ್ಲಿ ಹಾಡು ಕೇಳಿಸುವ ಕಂಪನಿಗಳೂ ಕಳಿಸುತ್ತವೆ. ಹೋಟೆಲಿನವರು ಪಟ್ಟಿ ಬರೆದಿಡುವುದಿಲ್ಲವಾದ್ದರಿಂದ ಅವರ ಫೀಯನ್ನು ಇದೇ ಪಟ್ಟಿಗಳ ಅಂದಾಜಿನ ಮೇಲೆ ಹಂಚುತ್ತಾರೆ. ಬಂದದ್ದರಲ್ಲಿ ಸಂಘದ ಖರ್ಚು ಕಳೆದು, ಉಳಿದದ್ದು ಹಾಡಿನ ಪಾಲು. ಅದರಲ್ಲಿ ಅರ್ಧ ಮಾತು ಬರೆದವರಿಗೆ, ಅರ್ಧ ರಾಗ ಹಾಕಿದವರಿಗೆ. ಬರೆದವರು ಸತ್ತರೂ ಅವರ ಪಾಲು ಅರವತ್ತು ವರ್ಷ ಬದುಕಿರುತ್ತದೆ. ಮದುವೆಯಲ್ಲಿ ಹಾಡಿದರೆ ಮಾತ್ರ ಫೀ ಇಲ್ಲ ಎಂದು ಓದಿದಾಗ ಹೊನ್ನೇಶನಿಗೆ ನಗು ಬಂತು. ಇಪ್ಪತ್ತೆರಡು ವರ್ಷ ಅವನು ನುಡಿಸಿದ್ದೆಲ್ಲ ಮದುವೆಗಳಲ್ಲೇ.

ಒಡೆಯ ಸಿಗದ ಹಾಡಿನ ಹಣವನ್ನು ಕೆಲವು ವರ್ಷ ಕಾದಿಟ್ಟು ಆಮೇಲೆ ಮಿಕ್ಕವರಿಗೆ ಹಂಚಿಬಿಡುತ್ತಾರೆ ಎಂದೂ ಅಲ್ಲಿ ಬರೆದಿತ್ತು. ಸಂಘದ ವೆಬ್‌ಸೈಟಿನಲ್ಲಿ ಎಲ್ಲರೂ ನೋಡಬಹುದಾದ ಪಟ್ಟಿಯೊಂದಿತ್ತು. ಹಾಡಿನ ಹೆಸರು ಹಾಕಿದರೆ ಒಡೆಯರ ಹೆಸರು ತೋರಿಸುತ್ತದೆ. ಹೊನ್ನೇಶ ಹಾಕಿ ನೋಡಿದ. ಇಂಗ್ಲಿಷ್ ಅಕ್ಷರದಲ್ಲಿ 'ಅಂಗಳಕಿಳಿಯೇ'ಯನ್ನು ಹನ್ನೊಂದು ಬಗೆಯಲ್ಲಿ ಬರೆದು ಹಾಕಿದ. ಏನೂ ಬರಲಿಲ್ಲ. ಅವನ ಲೆಕ್ಕದಲ್ಲಿ ಸುಮಾರು ಎರಡು ಲಕ್ಷ ರೂಪಾಯಿ ಯಾರ ಹೆಸರೂ ಇಲ್ಲದೆ ಬೆಂಗಳೂರಿನಲ್ಲಿ ಬಿದ್ದಿದೆ, ದಿನವೂ ಬೆಳೆಯುತ್ತಿದೆ.

ರಾಗ ತನ್ನದು, ಅರ್ಧ ತನಗೆ ಬರಲಿ ಎಂದು ಮೊದಲ ದಿನ ಅಂದುಕೊಂಡ. ಎರಡನೇ ದಿನ ಅರ್ಜಿಯ ನಮೂನೆ ನೋಡಿದ. ಮಾತು ಬರೆದವರು ಸುಲೋಚನಮ್ಮ ಎಂದು ಬರೆದರೆ ಅವರ ವಾರಸುದಾರರು ಯಾರೆಂದು ಕೇಳುತ್ತದೆ. ಯಾರೂ ಇಲ್ಲ. ಆ ಅರ್ಧ ಯಾರಿಗೂ ಬೇಡವಾಗಿ ಕೊಳೆಯುತ್ತದೆ. ಮೂರನೇ ದಿನ ಹೊಂಗೆ ಮರ ನೆನಪಾಯಿತು. ಅವತ್ತು ವೇದಿಕೆಯ ಮೇಲೆ ಪೂರ್ತಿ ಹಾಡು ಅವರೊಬ್ಬರದಾಗಿತ್ತಲ್ಲ, ಈಗ ಪೂರ್ತಿ ತನ್ನದಾಗಲಿ. ಅರ್ಧ ಕೇಳುವುದಕ್ಕೂ ಪೂರ್ತಿ ಕೇಳುವುದಕ್ಕೂ ಅರ್ಜಿ ಒಂದೇ.

ಹತ್ತು ಮಾತಲ್ಲಿ ಒಂಬತ್ತು ನಿಜವಿರಬೇಕು, ಆಗ ಹತ್ತನೆಯದು ಅದರ ಜೊತೆಗೇ ದಾಟಿಹೋಗುತ್ತದೆ. ಇದು ಅವನ ಯೋಜನೆಯ ಬುಡ. ಹಾಡು ಹುಟ್ಟಿದ್ದು ಎರಡು ಸಾವಿರದ ಮೂರರಲ್ಲಿ, ನಿಜ. ಮೊದಲು ಹಾಡಿದ್ದು ತರೀಕೆರೆಯಲ್ಲಿ, ನಿಜ. ಹಾಡಿಸಿದ ತಂಡ ಹೊನ್ನೇಶನದು, ನಿಜ. ಸುಳ್ಳು ಒಂದೇ ಜಾಗದಲ್ಲಿ.

ಆ ಸುಳ್ಳಿಗೆ ಒಂದು ಪುಸ್ತಕ ಬೇಕಿತ್ತು. ಆರ್ಕೆಸ್ಟ್ರಾ ಬುಕಿಂಗ್ ಬರೆಯುತ್ತಿದ್ದ ಅದೇ ವರ್ಷದ ಪುಸ್ತಕ ಅಟ್ಟದ ಮೇಲೆ ಸಿಕ್ಕಿತು. ನಡುನಡುವೆ ಖಾಲಿ ಹಾಳೆಗಳಿದ್ದವು. ಹಾಳೆ ಹಳೆಯದು, ಆಚೀಚೆ ಇದ್ದ ಬುಕಿಂಗ್‌ಗಳು ಅಸಲಿ, ಕೈಬರಹ ತನ್ನದೇ. ಶಾಯಿ ಹೊಸದಾಗಿ ಕಾಣಬಾರದೆಂದು ಪೆನ್ಸಿಲ್ ಆರಿಸಿಕೊಂಡ. ಆರ್ಕೆಸ್ಟ್ರಾದವರು ಪೆನ್ಸಿಲಿನಲ್ಲಿ ಬರೆಯುವುದು ಸಹಜ. ಬರೆದ ಮೇಲೆ ಹಾಳೆಯನ್ನು ಹತ್ತಿಬಟ್ಟೆಯಿಂದ ಹಗುರವಾಗಿ ಸವರಿದ, ಒಂದು ವಾರ ಬಿಸಿಲಿಗಿಟ್ಟ.

ಹಾಡನ್ನು ಸುಮ್ಮನೆ ನಕಲು ಮಾಡಿದರೆ ನಂಬುವವರಿಲ್ಲ. ಕವಿ ಹೊಡೆದು ತಿದ್ದಿದ ಗುರುತಿರಬೇಕು. ಹಾಗಾಗಿ ಹೊನ್ನೇಶ ತಪ್ಪು ಸಾಲುಗಳನ್ನು ಹುಟ್ಟಿಸಲು ಕೂತ. ಟೀಚರಮ್ಮನ ಎರಡನೆಯ ಸಾಲು 'ಹಪ್ಪಳದ ಮೇಲೆ ಹೆಜ್ಜೆಯಿಡದೆ'. ಹೊನ್ನೇಶ ಮೊದಲು 'ರಂಗೋಲಿ ಮೇಲೆ' ಎಂದು ಬರೆದು ಹೊಡೆದುಹಾಕಿದ. 'ಮಲ್ಲಿಗೆ ಮೇಲೆ' ಎಂದು ಬರೆದು ಅದನ್ನೂ ಹೊಡೆದ. ಆಮೇಲೆ 'ಹಪ್ಪಳ' ಎಂದು ಬರೆದು ಪೆನ್ಸಿಲ್ ಕೆಳಗಿಟ್ಟ. ರಂಗೋಲಿ ಅಂತ ಯಾರು ಬೇಕಾದರೂ ಬರೆಯುತ್ತಿದ್ದರು. ಹಪ್ಪಳ ಎನ್ನುವುದಕ್ಕೆ ಆ ಹೆಂಗಸೇ ಬೇಕಿತ್ತು. ಹಾಡಿನ ರಾಗ ಕಟ್ಟಿ ಇಪ್ಪತ್ತು ವರ್ಷವಾದ ಮೇಲೆ ಅವನು ಅದರ ಮಾತನ್ನು ಮೊದಲ ಸಲ ಕೇಳಿಸಿಕೊಂಡ. ಮೂರನೆಯ ಚರಣಕ್ಕೆ ಬರುವ ಹೊತ್ತಿಗೆ ಹೊಡೆಯಲು ಒಂದು ಪದವೂ ಸಿಗದೆ, ಹಾಗೇ ಬಿಟ್ಟು ಟೀ ಕುಡಿಯಲು ಹೋದ. ವಾಪಸು ಬಂದು ನೋಡಿದಾಗ ಹಾಳೆ ಎಷ್ಟು ಸೊಗಸಾಗಿ ಕಂಡಿತೆಂದರೆ, ತಾನೇ ಬರೆದಿದ್ದೆನೇನೋ ಅನಿಸಿತು.

ಇನ್ನು ಸಾಕ್ಷಿ. ಆಗಿನ ತಂಡದಲ್ಲಿ ಢೋಲಕ್ ಬಾರಿಸುತ್ತಿದ್ದ ರಂಗಪ್ಪ ಈಗ ಅಜ್ಜಂಪುರದಲ್ಲಿ ಕಾಯಿ ವ್ಯಾಪಾರಕ್ಕೆ ನಿಂತಿದ್ದ. ಹೊನ್ನೇಶ ಅಲ್ಲಿಗೆ ಬಸ್ಸು ಹತ್ತಿದ. ರೈಲ್ವೆ ಸ್ಟೇಷನ್ ರಸ್ತೆಯ ಮಂಡಿಯಲ್ಲಿ ರಂಗಪ್ಪ ತೆಂಗಿನಕಾಯಿಯನ್ನು ಬೆರಳಿನಲ್ಲಿ ತಟ್ಟಿ, ಕಿವಿಗೊಟ್ಟು, ಎರಡು ರಾಶಿ ಮಾಡುತ್ತಿದ್ದ. ಹೊನ್ನೇಶ ಬರೆದು ತಂದ ಕಾಗದವನ್ನು ಎರಡು ಸಲ ಓದಿದ.

"ಲೇ, ಇದು ಟೀಚರಮ್ಮಂದಲ್ವೇನೋ?"

"ಅದ್ರಲ್ಲಿ ಟೀಚರಮ್ಮಂದಲ್ಲ ಅಂತ ಎಲ್ಲಣ್ಣ ಬರ್ದೈತೆ? ನಮ್ಮ ತಂಡ ಮೊದ್ಲು ಹಾಡ್ತು, ನಾನು ಹಾಡ್ಸಿದೆ, ನೀನು ಢೋಲಕ್ ಬಾರ್ಸಿದೆ. ಅಷ್ಟೇ ತಾನೇ ಇರೋದು."

"ಅಷ್ಟೇ ಐತೆ." ರಂಗಪ್ಪ ಕಾಗದ ತಿರುಗಿಸಿ ಹಿಂಬದಿಯನ್ನೂ ನೋಡಿದ. "ಸುಳ್ಳೇನಿಲ್ಲ ಬಿಡು. ಆಯಮ್ಮ ನಿನ್ನನ್ನ ಕೇಳ್ತಿತ್ತು ಕಣೋ. ಹೋದ್ ವರ್ಷಕ್ ಮುಂಚೆ ಸಂತೇಲಿ ಸಿಕ್ಕಿತ್ತು, ಹೊನ್ನೇಶ ಎಲ್ಲವ್ನೆ ಅಂತು. ನಂಗೆಲ್ಲಿ ಗೊತ್ತು, ನೀನು ನಂಬರ್ ಬದಲಾಯ್ಸಿದ್ದೆ."

"ಪಾಪ," ಅಂದ ಹೊನ್ನೇಶ. ಅದನ್ನು ಮನಸ್ಸಿನಿಂದಲೇ ಅಂದ. ಆಮೇಲೆ ಪೆನ್ನು ಕೊಟ್ಟ. ರಂಗಪ್ಪ ಸಹಿ ಹಾಕಿದ.

ಅಫಿಡವಿಟ್ ಮಾಡಿಸುವುದಕ್ಕೆ ಕಡೂರು ಬೇಡವೆನಿಸಿತು. ಅಲ್ಲಿ ಕೋರ್ಟಿನ ಮುಂದೆ ಕೂರುವ ಟೈಪಿಸ್ಟುಗಳಲ್ಲಿ ಅರ್ಧ ಜನ ಟೀಚರಮ್ಮನ ಹತ್ತಿರವೇ ಅಆಇಈ ಕಲಿತವರು. ತರೀಕೆರೆಗೆ ಹೋದ. ಛಾಪಾ ಕಾಗದದ ಮೇಲೆ, ಮಾತು ಮತ್ತು ರಾಗ ಎರಡೂ ತನ್ನವೆಂದು ಪ್ರಮಾಣ ಮಾಡಿದ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಮುಂದೆಂದೋ ಟೀಚರಮ್ಮನ ಕಡೆಯ ದೂರದ ನೆಂಟನೊಬ್ಬ ಹಳೆ ಕಾಗದ ಹಿಡಿದು ಬಂದರೆ? ಒಳ್ಳೆ ಕೆಲಸಗಾರ ತಂತಿಯ ಎರಡೂ ತುದಿಗೆ ಟೇಪು ಸುತ್ತುತ್ತಾನೆ. ಹೊನ್ನೇಶ ಟೈಪಿಸ್ಟಿಗೆ ಇನ್ನೊಂದು ಸಾಲು ಹೇಳಿ ಬರೆಸಿದ: 'ದಿವಂಗತ ಸುಲೋಚನಮ್ಮನವರಿಗೂ ಈ ಹಾಡಿಗೂ ಯಾವ ಸಂಬಂಧವೂ ಇಲ್ಲ. ಅವರ ಹೆಸರಿನಲ್ಲಿ ಯಾವುದೇ ದಾಖಲೆ ಇದ್ದರೂ ಅದು ಸುಳ್ಳು ದಾಖಲೆಯೆಂದು ಪ್ರಮಾಣ ಮಾಡಿ ಹೇಳುತ್ತೇನೆ.' ಸಾಲು ಅವನಿಗೆ ಬಹಳ ಹಿಡಿಸಿತು. ನೋಟರಿಯ ಸೀಲು ಬಿದ್ದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ಒಂದು ಪ್ಲೇಟು ಮೆಣಸಿನಕಾಯಿ ಬೋಂಡಾ ತಿಂದು, ಅರ್ಜಿಯನ್ನು ರಿಜಿಸ್ಟರ್ಡ್ ಪೋಸ್ಟಿಗೆ ಹಾಕಿ ಬಂದ.

ಐದನೇ ವಾರ ಫೋನು ಬಂತು. ಸಂಘದ ಅಧಿಕಾರಿಯಂತೆ, ಸುಮನಾ ಎಂದು ಹೆಸರು. ಲೈಸೆನ್ಸ್ ಕೆಲಸಕ್ಕೆ ಕಡೂರಿಗೆ ಬರುತ್ತಿದ್ದೇನೆ, ನಿಮ್ಮದನ್ನೂ ಮುಗಿಸಿಬಿಡೋಣ ಎಂದರು. ದನಿ ತಣ್ಣಗಿತ್ತು. ಧನಪಾಲನ ಹೋಟೆಲಿನಲ್ಲೇ ಭೇಟಿಯೆಂದು ಆಯಿತು. ಹೊನ್ನೇಶ ಇಸ್ತ್ರಿ ಅಂಗಿ ಹಾಕಿಕೊಂಡು, ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಹೋದ.

ಸುಮನಾ ಮೂವತ್ತರ ಆಚೀಚಿನವರು. ಪೆನ್ಸಿಲಿನ ಹಾಳೆಗಳನ್ನು ನಿಧಾನವಾಗಿ ನೋಡಿದರು.

"ಚೆನ್ನಾಗಿ ತಿದ್ದಿದ್ದೀರ. ಈ ಹಪ್ಪಳ ಹೇಗೆ ಹೊಳೀತು ಸರ್?"

"ನಮ್ಮನೆ ಅಂಗಳದಲ್ಲಿ ಒಣಗಾಕ್ತಿದ್ರು ಮೇಡಂ. ಕಣ್ಣೆದ್ರುಗೇ ಇತ್ತು."

"ಟೀಚರಿಗೆ ಇದರಲ್ಲಿ ಏನೂ ಇಲ್ಲ ಅಂತೀರ."

"ಏನೂ ಇಲ್ಲ. ಒಳ್ಳೇರು, ಹಾಡೋರು ಅಷ್ಟೇ."

"ಈ ಅಫಿಡವಿಟ್ ನಿಮ್ಮದೇ, ಪ್ರತಿ ಸಾಲೂ ನಿಜ ಅಂತ ಇಲ್ಲೊಂದು ಸಹಿ ಮಾಡಿ." ಹೊನ್ನೇಶ ಮಾಡಿದ. ಅವರು ಅದನ್ನು ಫೈಲಿನಲ್ಲಿಟ್ಟು, ಅದೇ ಫೈಲಿನಿಂದ ಇನ್ನೊಂದು ಅರ್ಜಿ ತೆಗೆದು ಮೇಜಿನ ಮೇಲಿಟ್ಟರು. ದುಂಡಗಿನ ಟೀಚರ್ ಅಕ್ಷರ. "ಮೂರು ವರ್ಷದಿಂದ ಇದು ನಮ್ಮಲ್ಲೇ ಇತ್ತು ಸರ್. ರೇಡಿಯೋದಲ್ಲಿ ಬರ್ತಿರೋ ಹಾಡು ಇದೇ ಅಂತ ನಮಗೇ ಗೊತ್ತಿರಲಿಲ್ಲ. ನಿಮ್ಮ ಅರ್ಜಿ ಬಂದ ಮೇಲೆ ಸಾಹಿತ್ಯ ಹೋಲಿಸಿ ನೋಡಿದ್ವಿ, ಆಗ ತಿಳೀತು. ಇದಕ್ಕೆ ಎರಡು ಸಾವಿರದ ಮೂರರ ಶಾಲಾ ಸಂಚಿಕೆ ಲಗತ್ತಿಸಿದ್ದಾರೆ, ಹಾಡು ಅಚ್ಚಾಗಿದೆ. ನಿಮ್ಮನ್ನ ಎಷ್ಟು ಹುಡುಕಿದ್ವಿ ಗೊತ್ತಾ? ತರೀಕೆರೆ ಅಂಗಡಿ ವಿಳಾಸಕ್ಕೆ ಕಳಿಸಿದ ಕಾಗದ ಎರಡು ಸಲ ವಾಪಸ್ ಬಂತು."

ಹೊನ್ನೇಶ ಓದಿದ. ಮಾತು: ಸುಲೋಚನಮ್ಮ. ರಾಗ: ಹೊನ್ನೇಶ. ತಮ್ಮ ಕಾಲದ ನಂತರ ತಮ್ಮ ಅರ್ಧ ಪಾಲು ಯಾರಿಗೆ ಎನ್ನುವಲ್ಲಿಯೂ ಹೊನ್ನೇಶ. ಕೆಳಗೆ ಒಂದು ಒಕ್ಕಣೆ: 'ರಾಗ ಮೊದಲು ಬಂತು, ಮಾತು ಆಮೇಲೆ. ವೇದಿಕೆಯ ಮೇಲೆ ಅವನ ಹೆಸರು ಹೇಳುವುದು ಬಿಟ್ಟುಹೋಯಿತು, ಅದಕ್ಕೇ ಇಲ್ಲಿ ಬರೆದಿದ್ದೇನೆ.' ಪೂರ್ತಿ ಹಾಡು ಮೂರು ವರ್ಷದಿಂದ ಅವನಿಗಾಗಿ ಕಾಯುತ್ತಿತ್ತು. ಆ ಕಾಗದವೇ ಸುಳ್ಳೆಂದು ಅವನು ಪ್ರಮಾಣ ಮಾಡಿ, ಈಗಷ್ಟೇ ಮತ್ತೊಮ್ಮೆ ಸಹಿಯನ್ನೂ ಹಾಕಿದ್ದ. ಆ ಪ್ರಮಾಣವನ್ನು ಹಿಂದಕ್ಕೆ ತಗೊಂಡರೆ ಕೈಯಲ್ಲಿದ್ದ ಪುಸ್ತಕ ಖೋಟಾ ಎಂದಾಗಿ ಪೊಲೀಸ್ ಸ್ಟೇಷನ್ನಿಗೆ ಹೋಗುತ್ತದೆ, ತಗೊಳ್ಳದಿದ್ದರೂ ಶಾಲಾ ಸಂಚಿಕೆಯ ಜೊತೆ ಅಲ್ಲಿಗೇ ಹೋಗುತ್ತದೆ ಎಂದು ಸುಮನಾ ಮೆಲ್ಲಗೆ ವಿವರಿಸುತ್ತಿದ್ದರು. ಅವನಿಗೆ ಅದು ಅರ್ಧವೇ ಕೇಳಿಸಿತು. ಅವನ ಕಣ್ಣು ಅರ್ಜಿಯ ಮೊದಲ ಸಾಲಿನಲ್ಲಿ ನಿಂತಿತ್ತು. ಹಾಡನ್ನು ಊರೆಲ್ಲ ಅದರ ಮೊದಲ ಮಾತಿನಿಂದ ಕರೆಯುತ್ತಿತ್ತು, ಅವನು ಹುಡುಕಿದ್ದೂ ಅದನ್ನೇ. ಬರೆದವರು ಅದಕ್ಕೆ ಬೇರೊಂದು ಹೆಸರಿಡಬಹುದೆಂದು ಹೊಳೆದಿರಲಿಲ್ಲ. 'ಹಾಡಿನ ಹೆಸರು' ಎನ್ನುವುದರ ಮುಂದೆ ಟೀಚರಮ್ಮ ದುಂಡಗೆ ಬರೆದಿದ್ದರು: ಹೊನ್ನೇಶನ ಹಾಡು.