ನಲ್ಲೂರು ಬಯಲಿನ ಅಕಾರ್ಡಿಯನ್ ಪ್ರಕರಣ

2025ನೇ ಇಸವಿ ಏಪ್ರಿಲ್ 20, ಭಾನುವಾರ. ಬೆಳಿಗ್ಗೆ 8 ಗಂಟೆ 10 ನಿಮಿಷಕ್ಕೆ ಠಾಣೆಗೆ ಬಂದ ದೂರಿನಲ್ಲಿ ಕಳುವಾದ ವಸ್ತುವಿನ ವಿವರ ಹೀಗಿತ್ತು: ಎದೆಗೇರಿಸಿ ನುಡಿಸುವ ಹಳೆಯ ಅಕಾರ್ಡಿಯನ್ ಪೆಟ್ಟಿಗೆ ಒಂದು, ಬಲಗೈಗೆ 41 ಸ್ವರದ ಮನೆ, ಎಡಗೈಗೆ 120 ಗುಂಡಿ, ಅವುಗಳಲ್ಲಿ ಮೂರು ಉದುರಿವೆ.

ಇನ್‌ಸ್ಪೆಕ್ಟರ್ ವೆಂಕಟರಮಣಪ್ಪ ಕನ್ನಡಕ ಸರಿಪಡಿಸಿಕೊಂಡು ಆ ಸಾಲನ್ನು ಮತ್ತೊಮ್ಮೆ ಓದಿದರು.

"ಮೂರು ಯಾವಾಗ ಉದುರಿದ್ದು?"

"ನಾವು ತಗೊಂಡಾಗ್ಲೇ ಇರ್ಲಿಲ್ಲ ಸಾರ್."

"ಹಂಗಾದ್ರೆ ನೂರಾ ಹದಿನೇಳು ಅಂತ ಬರೀಪ್ಪಾ. ಇಲ್ಲದ್ದನ್ನ ಯಾರೂ ಕದ್ದಿಲ್ಲ."

ದೂರುದಾರ ಸುನಿಲ್‌ಕುಮಾರ್ ತಿದ್ದಿ ಬರೆದ. ವಯಸ್ಸು ಮೂವತ್ತೊಂದು. ನಲ್ಲೂರಿನ ಬಯಲಿನಲ್ಲಿ ಎರಡು ದಿನದ ಬೇಸಿಗೆ ಸಂಗೀತೋತ್ಸವ ನಡೆಸುತ್ತಿದ್ದವನು ಅವನೇ. ಶನಿವಾರ ಬೆಂಗಳೂರಿನಿಂದ 3,412 ಮಂದಿ ಬಂದಿದ್ದರು. ದೊಡ್ಡ ವೇದಿಕೆಯಲ್ಲದೆ ಒಂದು ಡೇರೆಯಲ್ಲಿ ಹಳೆಯ ಕಾಲದ ಬಾರೊಂದನ್ನು ಇದ್ದ ಹಾಗೆಯೇ ಕಟ್ಟಿ ನಿಲ್ಲಿಸಿದ್ದರು: ಮರದ ಬೆಂಚು, ತಗಡಿನ ಬೋರ್ಡು, ಗೋಡೆಯ ಮೊಳೆಗೆ ತೂಗುಹಾಕಿದ ಅಕಾರ್ಡಿಯನ್. ಸಂಜೆ ಏಳೂವರೆಯಿಂದ ಎಂಟೂವರೆಯ ತನಕ ಜನವೆಲ್ಲ ದೊಡ್ಡ ವೇದಿಕೆಯ ಮುಂದಿತ್ತು. ಮರಳಿ ಬಂದು ನೋಡಿದರೆ ಮೊಳೆ ಮಾತ್ರ ಉಳಿದಿತ್ತು.

8 ಗಂಟೆ 45 ನಿಮಿಷಕ್ಕೆ ಭಾರತೀಯ ನ್ಯಾಯ ಸಂಹಿತೆಯ ಕಲಂ 305ರ ಅಡಿ ಎಫ್‌ಐಆರ್ ದಾಖಲಾಯಿತು. 9 ಗಂಟೆ 30ಕ್ಕೆ ವೆಂಕಟರಮಣಪ್ಪ, ಕಾನ್‌ಸ್ಟೆಬಲ್ ಬಿಂದುಶ್ರೀಯೊಂದಿಗೆ ಸ್ಥಳದಲ್ಲಿದ್ದರು. ಬಿಸಿಲು ಅಷ್ಟು ಹೊತ್ತಿಗೇ ಚುರುಗುಟ್ಟುತ್ತಿತ್ತು.

ಇಬ್ಬರು ಪಂಚರ ಸಮಕ್ಷಮ ಡೇರೆಯ ಸುತ್ತ ನಡೆದರು. ಹಿಂಬದಿಯ ಟಾರ್ಪಾಲನ್ನು ನೈಲಾನ್ ಹುರಿಯಿಂದ ಹೆಣೆದಿದ್ದರು. ಆ ಹುರಿಯನ್ನು ನಾಲ್ಕು ಕಡೆ ಕತ್ತರಿಸಲಾಗಿತ್ತು. ಅಷ್ಟೇ ಆಗಿದ್ದರೆ ಅದರಲ್ಲಿ ವಿಶೇಷವೇನೂ ಇರುತ್ತಿರಲಿಲ್ಲ. ಆದರೆ ಕಳ್ಳ ಹೊರಗೆ ಬಂದ ಮೇಲೆ ಕತ್ತರಿಸಿದ ನಾಲ್ಕೂ ಕಡೆ ಮತ್ತೆ ಗಂಟು ಹಾಕಿ, ಹುರಿಯ ತುದಿಗಳನ್ನು ಗೋಧಿ ಕಾಳಿನಷ್ಟು ಬಿಟ್ಟು ಕತ್ತರಿಸಿ, ಡೇರೆಯನ್ನು ಮೊದಲಿನಂತೆ ಬಿಗಿದು ಹೋಗಿದ್ದ.

"ಕದ್ದೋನು ರಿಪೇರಿನೂ ಮಾಡಿ ಹೋಗಿದ್ದಾನಲ್ಲಮ್ಮಾ."

ಬಿಂದುಶ್ರೀ ಬಗ್ಗಿ ನೋಡಿದಳು. ಅವಳು ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಬೆಳೆದವಳು.

"ಸಾರ್, ಇದು ಮಗ್ಗದ ಗಂಟು. ಹಾಸಿನ ಎಳೆ ಕಿತ್ರೆ ನಮ್ಮಮ್ಮ ಹಾಕೋದು ಇದನ್ನೇ."

"ಕದಿಯಕ್ಕೆ ಬಂದೋನಿಗೆ ಈ ಉಸಾಬರಿ ಯಾಕೆ?"

"ಕಿತ್ತಿರೋದನ್ನ ಕಂಡು ಹಂಗೇ ಬಿಟ್ಟು ಬರೋಕೆ ಕೈ ಕೇಳಲ್ಲ ಸಾರ್. ನಮ್ಮಮ್ಮ ಮದುವೆ ಮನೇಲಿ ಹೂವಿನ ಸರ ಕಿತ್ತಿದ್ರೂ ಕಟ್ಟಿಟ್ಟೇ ಊಟಕ್ಕೆ ಕೂರೋದು."

ನಾಲ್ಕು ಗಂಟುಗಳನ್ನೂ ಹುರಿಸಮೇತ ತೆಗೆದು ಲಕೋಟೆಯಲ್ಲಿಟ್ಟು ಮೊಹರು ಮಾಡಲಾಯಿತು. ವೆಂಕಟರಮಣಪ್ಪ ಸುನಿಲ್‌ಕುಮಾರನ ಕಡೆ ತಿರುಗಿದರು.

"ಈ ಪೆಟ್ಟಿಗೇನ ಯಾರಾದ್ರೂ ಕೇಳ್ಕೊಂಡು ಬಂದಿದ್ರಾ?"

"ನಿನ್ನೆ ಮಧ್ಯಾಹ್ನ ಒಬ್ರು ವಯಸ್ಸಾದವ್ರು ಬಂದಿದ್ರು ಸಾರ್. ಒಂದು ಗಂಟೆ ಮಟ್ಟಿಗೆ ಕೊಡಿ ಅಂದ್ರು. ಅವ್ರ ಸ್ನೇಹಿತರು ಯಾರೋ ಹಾಡ್ಬೇಕಂತೆ, ಸೋಮವಾರ ಆದ್ಮೇಲೆ ಅವ್ರಿಗೆ ದನಿ ಇರಲ್ವಂತೆ."

"ದನಿ ಇರಲ್ಲ ಅಂದ್ರೆ?"

"ಗಂಟಲು ಆಪರೇಷನ್ ಅಂದ್ರು."

"ನೀನು ಏನಂದೆ?"

"ಅದು ನೋಡೋಕೆ ಇಟ್ಟಿರೋದು, ನುಡಿಸೋಕಲ್ಲ ಅಂದೆ." ಸುನಿಲ್‌ಕುಮಾರ್ ನೆಲ ನೋಡಿದ. "ಗಾಳಿ ತುಂಬೋ ತಿದಿ ಬೇರೆ ಹರಿದಿತ್ತು ಸಾರ್. ನುಡಿಸಿದ್ರೂ ಬರೀ ಗಾಳಿ."

"ಪೆಟ್ಟಿಗೆ ತಂದದ್ದು ಎಲ್ಲಿಂದ?"

ಅದು ದೇವನಹಳ್ಳಿ ರಸ್ತೆಯ ಬಾರಿನದು. ಮಾಲೀಕ ಕೆಂಪರಾಜ್, ತಂದೆಯ ಕಾಲದ ಸಾಮಾನನ್ನೆಲ್ಲ ಉತ್ಸವದವರಿಗೆ ಮಾರಿದ್ದ.

11 ಗಂಟೆ 20ಕ್ಕೆ ಜೀಪು ಆ ಬಾರಿನ ಮುಂದೆ ನಿಂತಿತು. ವೆಂಕಟರಮಣಪ್ಪ ಇಳಿದವರು ಕ್ಷಣಕಾಲ ಹಾಗೆಯೇ ನಿಂತರು. ಈಗ ಅಲ್ಲಿ ಗಾಜಿನ ಬಾಗಿಲು, ಒಳಗೆ ಎಂಟು ಟಿವಿ. 1994ರಲ್ಲಿ ಅವರು ಇಪ್ಪತ್ತೇಳರ ಕಾನ್‌ಸ್ಟೆಬಲ್ ಆಗಿದ್ದಾಗ ಇದೇ ಜಾಗದಲ್ಲಿ ಬೇವಿನ ಮರವೊಂದಿತ್ತು, ಅದರ ಕೆಳಗೆ ಹನ್ನೆರಡು ಬೆಂಚು. ಬೇಸಿಗೆಯ ಭಾನುವಾರಗಳಲ್ಲಿ ಮಗ್ಗದವರು, ಲಾರಿಯವರು, ದ್ರಾಕ್ಷಿ ತೋಟದವರು ಸಂಸಾರಕ್ಕೆ ಏನೋ ಒಂದು ನೆವ ಹೇಳಿ ಅಲ್ಲಿಗೆ ಬರುತ್ತಿದ್ದರು. ಯಾರು ಬೇಕಾದರೂ ಎದ್ದು ನಿಂತು ಹಾಡಬಹುದಿತ್ತು. ಹಾಡಿದವನು ಶ್ರುತಿ ತಪ್ಪಿದನೋ, ಅಕಾರ್ಡಿಯನ್ನಿನವನು ಪೆಟ್ಟಿಗೆಯನ್ನು ಗಕ್ಕನೆ ಹಿಂಡಿ ಮೇಕೆಯಂತೆ ಅರಚಿಸುತ್ತಿದ್ದ. ಮೇಕೆ ಕೂಗಿತೆಂದರೆ ಹಾಡಿದವನು ಹನ್ನೆರಡು ಬೆಂಚಿಗೂ ಕಡಲೆಕಾಯಿ ಹಂಚಬೇಕು. ಅದು ಅಲ್ಲಿಯ ಕಾನೂನು. ಮಫ್ತಿಯಲ್ಲಿ ಹೋಗಿದ್ದ ಕಾನ್‌ಸ್ಟೆಬಲ್ ವೆಂಕಟರಮಣಪ್ಪ ಒಂದೇ ಸಂಜೆ ಮೂರು ಬಾರಿ ಹಂಚಿದ್ದುಂಟು. ಅಷ್ಟು ನಕ್ಕ ಸಂಜೆ ಅವರ ಬಾಳಿನಲ್ಲಿ ಆಮೇಲೆ ಎಷ್ಟು ಬಂದವು ಎಂದು ಎಣಿಸಲು ಎರಡು ಕೈ ಬೇಕಾಗಿರಲಿಲ್ಲ.

"ಪೆಟ್ಟಿಗೆ ನುಡಿಸ್ತಿದ್ದೋನ ಹೆಸರೇನು?" ಎಂದು ಕೇಳಿದರು.

"ಗೋಪಾಲಪ್ಪ ಸಾರ್," ಎಂದ ಕೆಂಪರಾಜ್. "ದೊಡ್ಡಬಳ್ಳಾಪುರದೋರು, ಮಗ್ಗದ ಕೆಲಸ. ಹತ್ತೊಂಬತ್ತು ವರ್ಷ ನುಡಿಸಿದ್ರು. ಜೊತೇಲಿ ಹಾಡ್ತಿದ್ದೋರು ಟೈಲರ್ ನಜೀಬುಲ್ಲಾ ಸಾಹೇಬ್ರು. ಪೆಟ್ಟಿಗೆ ಮಾರ್ತೀಯಾ ಅಂತ ಗೊತ್ತಾಗಿದ್ರೆ ನಾನೇ ತಗೋತಿದ್ದೆ ಅಂತ ಗೋಪಾಲಪ್ಪನೋರು ಹೋದ ವಾರ ಬಂದು ಗಲಾಟೆ ಮಾಡಿದ್ರು. ಅಷ್ಟರಲ್ಲಿ ಕೊಟ್ಟಾಗಿತ್ತು."

ಮಧ್ಯಾಹ್ನ 1 ಗಂಟೆ 15ಕ್ಕೆ ದೊಡ್ಡಬಳ್ಳಾಪುರ. ಗೋಪಾಲಪ್ಪನ ಮನೆಯಲ್ಲಿ ಮಗ್ಗ ನಿಂತಿತ್ತು. ಹೆಂಡತಿ ಮುನಿತಾಯಮ್ಮ ಸಮವಸ್ತ್ರ ಕಂಡು ಬೆದರಲಿಲ್ಲ.

"ಬರ್ತೀರಾ ಅಂತ ಗೊತ್ತಿತ್ತು. ಹೇಳಿದೆ, ಈ ವಯಸ್ಸಲ್ಲಿ ಬ್ಯಾಡ ಅಂತ. ಕೇಳ್ಬೇಕಲ್ಲ. ಸಾಯೇಬ್ರ ಮನೇಲವ್ರೆ, ಹೋಗಿ. ಆದ್ರೆ ಸ್ವಾಮಿ, ಮೂರೂವರೆಗೆ ಸಾಯೇಬ್ರನ್ನ ಆಸ್ಪತ್ರೆಗೆ ಕರ್ಕೊಂಡೋಗ್ತಾರೆ. ನಾಳೆ ಬೆಳಿಗ್ಗೆ ಗಂಟಲು ಪೆಟ್ಟಿಗೇನೇ ತೆಗೀತಾರಂತೆ."

2 ಗಂಟೆ 5 ನಿಮಿಷಕ್ಕೆ ನಜೀಬುಲ್ಲಾರ ಮನೆ. ಬಾಗಿಲು ತೆರೆದವಳು ಮಗಳು ತಂಜೀಲಾ. ಒಳಗಿನ ಚಾಪೆಯ ಮೇಲೆ ಅಕಾರ್ಡಿಯನ್ ಇತ್ತು. ಅದರ ಪಕ್ಕದಲ್ಲಿ ಎಪ್ಪತ್ತೆರಡರ ಗೋಪಾಲಪ್ಪ ಎರಡು ಬೆರಳಿನಿಂದ ತಿದಿಯ ಮಡಿಕೆಯೊಂದನ್ನು ಒತ್ತಿ ಹಿಡಿದು ಕೂತಿದ್ದ. ಹರುಕಿಗೆ ಚರ್ಮದ ತೇಪೆ ಹಾಕಿದ್ದ. ಗೋಂದು ಇನ್ನೂ ಹಸಿಯಾಗಿತ್ತು. ಎದುರಿಗೆ ಗೋಡೆಗೊರಗಿದ್ದ ನಜೀಬುಲ್ಲಾರ ಕೊರಳಿಗೆ ಮಫ್ಲರ್ ಸುತ್ತಿತ್ತು.

"ಕದ್ದದ್ದು ನೀನೇನಾ?"

"ನಾನೇ ಸಾರ್."

"ನುಡಿಸಿದ್ಯಾ?"

"ಎಲ್ಲಿ ಸಾರ್. ರಾತ್ರಿ ಹಾಕಿದ ತೇಪೆ ಬಿಟ್ಕೊಂಡ್ತು. ಈಗ ಮತ್ತೆ ಹಾಕಿದೀನಿ. ಒಣಗೋಕೆ ಇನ್ನೂ ಅರ್ಧ ಗಂಟೆ ಬೇಕು."

"ಕಳ್ಳನೂ ಸರಿಯಾಗಿ ಆಗ್ಲಿಲ್ಲ, ರಿಪೇರಿನೂ ಸರಿಯಾಗಿ ಬರ್ಲಿಲ್ಲ ಇವನಿಗೆ," ಎಂದರು ನಜೀಬುಲ್ಲಾ. ದನಿ ಒಣ ಎಲೆಯನ್ನು ತುಳಿದಂತಿತ್ತು.

ಬಿಂದುಶ್ರೀ ಅರಗು, ದಾರ, ಬಟ್ಟೆ ಹೊರತೆಗೆದಳು. "ಸಾರ್, ಸೀಲ್ ಮಾಡ್ಲಾ?"

ವೆಂಕಟರಮಣಪ್ಪ ಗಡಿಯಾರ ನೋಡಿದರು. ಮೂರೂವರೆಗೆ ಎಂಬತ್ತು ನಿಮಿಷ. ಗೋಂದಿಗೆ ಮೂವತ್ತು. ಉಳಿಯುವುದು ಐವತ್ತು.

"ಸ್ವತ್ತಿನ ಸ್ಥಿತಿ ಬರೀದೆ ಹೆಂಗಮ್ಮಾ ಸೀಲ್ ಮಾಡ್ತೀಯಾ? ನುಡಿಯುತ್ತೋ ಇಲ್ವೋ ಪರೀಕ್ಷೆ ಮಾಡ್ಬೇಕು. ಇಬ್ರು ಪಂಚರನ್ನ ಕರಿ. ಅಲ್ಲಿ ತನಕ ನಾನು ಬರೀತೀನಿ."

ಮೂವತ್ತೊಂದು ವರ್ಷಗಳ ಸೇವೆಯಲ್ಲಿ ಅವರು ಅಷ್ಟು ನಿಧಾನವಾಗಿ ಪಂಚನಾಮೆ ಬರೆದವರಲ್ಲ. ಪೆಟ್ಟಿಗೆಯ ಬಣ್ಣ, ಉದ್ದ, ಅಗಲ, ಪಟ್ಟಿಯ ಹೊಲಿಗೆ, ಗುಂಡಿಗಳ ಆರು ಸಾಲು: ಒಂದೊಂದನ್ನೂ ಎರಡು ಸಲ ಎಣಿಸಿದರು. ನೆರೆಮನೆಯ ಇಬ್ಬರು ಪಂಚರು ಬಂದು ಬಾಗಿಲ ಬಳಿ ಕೂತರು. ತಂಜೀಲಾ ಎಲ್ಲರಿಗೂ ಚಹಾ ಕೊಟ್ಟಳು.

2 ಗಂಟೆ 40 ನಿಮಿಷಕ್ಕೆ ಗೋಪಾಲಪ್ಪ ತೇಪೆಯನ್ನು ಉಗುರಿನಿಂದ ತಟ್ಟಿ ನೋಡಿ, ಪೆಟ್ಟಿಗೆಯನ್ನು ಎದೆಗೇರಿಸಿಕೊಂಡ. ತಿದಿ ಉಸಿರೆಳೆಯಿತು. ಬೇಸಿಗೆಯ ಭಾನುವಾರ ಬೆಂಚುಗಳು ಖಾಲಿಯಾಗುವ ಹೊತ್ತಿಗೆ ಅವರಿಬ್ಬರೂ ಹಾಡುತ್ತಿದ್ದ, ಅವರೇ ಕಟ್ಟಿದ ಹಾಡು. ಊರಿನ ಕೊನೆಯ ಬಸ್ಸು ತಪ್ಪಿದವನ ಹಾಡು. ಮೂರು ಚರಣ. ವೆಂಕಟರಮಣಪ್ಪನವರಿಗೆ ಪ್ರತಿ ಸಾಲೂ ನೆನಪಿತ್ತು.

ನಜೀಬುಲ್ಲಾ ಮಫ್ಲರ್ ಸಡಿಲಿಸಿಕೊಂಡರು. ಮೊದಲ ಚರಣದಲ್ಲಿ ದನಿ ಎರಡು ಕಡೆ ಒಡೆಯಿತು. ಅಲ್ಲೆಲ್ಲ ಗೋಪಾಲಪ್ಪ ಪೆಟ್ಟಿಗೆಯ ದನಿಯನ್ನು ಮೇಲಕ್ಕೆತ್ತಿ ಅದನ್ನು ಹೊತ್ತು ದಾಟಿಸಿದ. ಎರಡನೆಯ ಚರಣ ಒಡೆಯಲಿಲ್ಲ. ಬಾಗಿಲಲ್ಲಿದ್ದ ತಂಜೀಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೂರನೆಯದರ ಎತ್ತುಗಡೆಯನ್ನು ಗೋಪಾಲಪ್ಪ ನುಡಿಸಿದಾಗ ನಜೀಬುಲ್ಲಾ ಕೈಯೆತ್ತಿ ತಡೆದರು.

"ಸಾಕು. ಅದು ಇರ್ಲಿ."

"ಹಾಡು, ಲೇ. ಇನ್ನೊಂದೇ ಕಣೋ."

"ಬಾಕಿ ಇಟ್ಕೊ. ಬಾಕಿ ಇದ್ರೆ ಆ ಡಾಕ್ಟ್ರು ನನ್ನ ವಾಪಸ್ ಕಳಿಸ್ಲೇಬೇಕು."

"ಬಂದು ಯಾವ ದನೀಲಿ ತೀರಿಸ್ತೀಯ?"

"ನೀನು ನುಡ್ಸು. ನಾನು ತಾಳ ಹಾಕ್ತೀನಿ. ತಪ್ಪಿದ್ರೆ ಬೈತೀನಿ, ಕೈಯಲ್ಲೇ."

3 ಗಂಟೆ 20 ನಿಮಿಷಕ್ಕೆ ಗೋಪಾಲಪ್ಪನನ್ನು ದಸ್ತಗಿರಿ ಮಾಡಲಾಯಿತು. ನಜೀಬುಲ್ಲಾರನ್ನು ಕೂರಿಸಿಕೊಂಡ ಬಾಡಿಗೆ ಕಾರು ಬೆಂಗಳೂರಿನ ಕಡೆಗೂ ಜೀಪು ದೇವನಹಳ್ಳಿಯ ಕಡೆಗೂ ಹೊರಟವು. ಠಾಣೆಯಲ್ಲಿ ಕೊಟ್ಟ ಹೇಳಿಕೆಯಲ್ಲಿ ಅವನು ತಪ್ಪನ್ನು ಒಪ್ಪಿಕೊಂಡ. ಪೆಟ್ಟಿಗೆಯನ್ನು ಇಟ್ಟುಕೊಳ್ಳುವ ಆಸೆ ಇರಲಿಲ್ಲ, ಸೋಮವಾರ ತಂದಿಡುತ್ತಿದ್ದೆ ಎಂದ. ನಾನು ಹತ್ತೊಂಬತ್ತು ವರ್ಷ ನುಡಿಸಿದ್ದು ಜನಕ್ಕಾಗಿ ಎಂದುಕೊಂಡಿದ್ದೆ, ಆ ಒಂದು ದನಿಗಾಗಿ ಎಂಬುದು ಹೋದ ವಾರ ತಿಳಿಯಿತು ಎಂದೂ ಸೇರಿಸಿದ. ವೆಂಕಟರಮಣಪ್ಪ ಅದನ್ನೂ ಬಿಡದೆ ಬರೆದುಕೊಂಡರು. ಅದು ಪ್ರಕರಣಕ್ಕೆ ಅಗತ್ಯವಿರಲಿಲ್ಲ.

ಕೊನೆಗೆ ಪಂಚನಾಮೆಯನ್ನು ತೆಗೆದು, ಸ್ವತ್ತಿನ ಸ್ಥಿತಿ ಎಂಬುದರ ಎದುರಿಗೆ ಬರೆದರು: ನುಡಿಸಿ ಪರೀಕ್ಷಿಸಲಾಗಿದೆ, ಸುಸ್ಥಿತಿಯಲ್ಲಿದೆ. ಒಟ್ಟು ಚರಣ ಮೂರು. ಸಂದದ್ದು ಎರಡು. ಬಾಕಿ ಒಂದು.