ಇಡದ ಫೋನುಗಳ ಸದ್ದು

ಪೆಟ್ಟಿಗೆಯನ್ನು ಸರ್ವರ್‌ಗೆ ಸಿಕ್ಕಿಸಿದ್ದೇ ತಡ, ಜಿಲ್ಲಾ ಆಂಬುಲೆನ್ಸ್ ಕೇಂದ್ರದ ಕೋಣೆಯೆಲ್ಲ ಗುಂಯ್‌ಗುಟ್ಟತೊಡಗಿತು. ಇಪ್ಪತ್ತು ವರ್ಷದಿಂದ ಅಲ್ಲಿ ಕರೆ ನೋಡಿಕೊಳ್ಳುತ್ತಿದ್ದ ದಾಕ್ಷಾಯಣಿ ಕೆರೂರ ಕಿವಿ ಮುಚ್ಚಿಕೊಂಡಳು.

"ಸರ್ವರ್‌ನ್ಯಾಗಿನ ಹುಳಾ ಹಿಡೀಲಿಕ್ಕೆ ಬಂದು ನೀವ ಹುಳಾ ಬಿಟ್ರಲ್ರೀ ಮೇಡಂ."

ವಿಜ್ಞಾನಿ ಶಹೀದಾ ನದಾಫ್ ನಕ್ಕರು. 2056ರಲ್ಲಿ ಅವರು ಕಟ್ಟಿದ ಈ ಪೆಟ್ಟಿಗೆಯ ತತ್ವ ಸರಳ. ಪ್ರೋಗ್ರಾಮು ಮೆಮೊರಿಯ ತುಣುಕೊಂದನ್ನು ಎತ್ತಿಕೊಂಡರೆ ಒಂದು ಸ್ವರ ಹುಟ್ಟುತ್ತದೆ, ಮರಳಿಸಿದರೆ ಅಡಗುತ್ತದೆ. ಮರಳಿಸದಿದ್ದರೆ ತಗ್ಗುತ್ತಾ ತಗ್ಗುತ್ತಾ ಗುಂಯ್ ಎಂದು ಉಳಿದೇಬಿಡುತ್ತದೆ. ಅದೇ ಮೆಮೊರಿಯ ಸೋರಿಕೆ.

ಒಂಬತ್ತು ದಿನಕ್ಕೊಮ್ಮೆ ಈ ಸರ್ವರ್ ಉಸಿರುಕಟ್ಟಿ ಬೀಳುತ್ತಿತ್ತು. ಬೀಳುವ ಮೊದಲೇ, ಪ್ರತಿ ಸೋಮವಾರ, ಕುಂಕುಮ ಹಚ್ಚಿ ರೀಸ್ಟಾರ್ಟ್ ಮಾಡುವುದು ಕೇಂದ್ರದ ಪದ್ಧತಿ. ಸೋರಿಕೆ ಹಿಡಿಯಲೆಂದು ಈ ಸೋಮವಾರ ಶಹೀದಾ ಅದನ್ನು ತಡೆದಿದ್ದರು. ಇಂದು ಬುಧವಾರ, ಮೆಮೊರಿ ಶೇಕಡಾ ತೊಂಬತ್ತಾರು ತುಂಬಿತ್ತು. ರಸ್ತೆಯಲ್ಲಿ ಹನ್ನೊಂದು ಆಂಬುಲೆನ್ಸುಗಳಿದ್ದವು. ಸರ್ವರ್ ಬಿದ್ದರೆ ಅವಕ್ಕೆ ದಾರಿ ಹೇಳುವವರಿಲ್ಲ.

ಶಹೀದಾ ಪೆಟ್ಟಿಗೆಯ ತಿರುಪು ತಿರುವಿದಾಗ ಮೇಲ್ದನಿಗಳು ಅಡಗಿ ಕೆಳಗಿನ ಗುಂಯ್ ಮಾತ್ರ ಉಳಿಯಿತು. ಅದು ಬರುತ್ತಿದ್ದುದು ಕರೆ ಸ್ವೀಕರಿಸುವ ಯಂತ್ರದನಿಯಿಂದ.

"ಈ ದನಿ ಫೋನ್ ಇಡೂದೇ ಇಲ್ಲ. ನೆಟ್‌ವರ್ಕ್ ಹೋದವರು, ಬ್ಯಾಟರಿ ಹೋದವರು, ನಾಕ್ ಸಾವಿರ ಮಂದಿಗೆ ಕಾಯ್ಕೊಂತ ಕೂತದ. ಯಾರ್ರೀ ಕಲಿಸಿದವರು?" ಎಂದರು ಶಹೀದಾ.

ದಾಕ್ಷಾಯಣಿಯ ಮುಖ ಬಿಸಿಯಾಯಿತು. ಅದು ಕಲಿತದ್ದು ಅವಳದೇ ಹಳೆಯ ರೆಕಾರ್ಡಿಂಗುಗಳಿಂದ.

"ಕಷ್ಟದಾಗ ಇದ್ದವರ ಫೋನ್ ನಾವ ಮೊದಲ ಇಡೂದು ಹೆಂಗ್ರೀ? ಅವರ ಇಡಬೇಕು."

"ಛಲೋ ಸಂಸ್ಕಾರ. ಸರ್ವರ್ ಅದಕ್ಕ ಸಾಯ್ಲಿಕ್ಕತ್ತದ." ಮೆಮೊರಿ ತೊಂಬತ್ತೆಂಟಕ್ಕೇರಿತು. "ಎಲ್ಲಾ ಕರೆ ಕಡೀಲಿ?"

"ಆ ಕಡೆ ಫೋನ್ ಜೀವಂತ ಅದ ಏನು, ಒಮ್ಮೆ ತಟ್ಟಿ ನೋಡ್ರಿ. ಇಲ್ಲಾಂದ್ರ ಕಡೀರಿ."

ತಟ್ಟಿದರು. ಸಾವಿರ ಸಾವಿರ ಸ್ವರಗಳು ಒಮ್ಮೆಗೇ ಉದುರಿದವು. ಮೆಮೊರಿ ಇಳಿಯಿತು: ಎಂಬತ್ತು, ನಲವತ್ತು, ಹದಿನಾಲ್ಕು. ಐವತ್ತೆಂಟು ವರ್ಷದ ಶಹೀದಾ ಕುರ್ಚಿ ಹತ್ತಿ ಕುಣಿಯುವುದೊಂದು ಬಾಕಿ.

ಒಂದೇ ಒಂದು ಸ್ವರ ಉಳಿಯಿತು. ನಲವತ್ತು ನಿಮಿಷದಿಂದ ತೆರೆದೇ ಇದ್ದ ಕರೆಯದು. ಅದನ್ನೂ ಕಡಿಯಲು ಶಹೀದಾ ಬೆರಳು ಚಾಚಿದರು. ದಾಕ್ಷಾಯಣಿ ಆ ಬೆರಳನ್ನೇ ಹಿಡಿದು, ಇನ್ನೊಂದು ಕೈಯಲ್ಲಿ ಹೆಡ್‌ಸೆಟ್ ಏರಿಸಿದಳು.

ಆ ಕಡೆ ಉಸಿರಾಟ. ಸತ್ತ ಕರೆಗಳ ಗುಂಪಿನಲ್ಲಿ ಯಾರ ಕಣ್ಣಿಗೂ ಬೀಳದೆ, ಯಂತ್ರದನಿ ನಲವತ್ತು ನಿಮಿಷದಿಂದ "ಹೇಳ್ರೀ, ಕೇಳ್ಲಿಕ್ಕತ್ತೀನಿ" ಅನ್ನುತ್ತಲೇ ಇತ್ತು. ಕರೆ ಬಂದ ಜಾಗ ಪರದೆಗೆ ಬಂತು. ಹನ್ನೆರಡನೆಯ ಆಂಬುಲೆನ್ಸ್ ಹೊರಟಿತು.

"ಪ್ರೋಗ್ರಾಮಿಗೆ ಒಂದು ಸಂಖ್ಯೆ ಬೇಕು," ಎಂದರು ಶಹೀದಾ, ದನಿ ತಗ್ಗಿಸಿ. "ಮಾತಾಡದವರಿಗೆ ಎಷ್ಟೊತ್ತು ಕಾಯಬೇಕು ಅಂತ. ಮೂವತ್ತು ವರ್ಷದಿಂದ ನಾವು ಪ್ರೋಗ್ರಾಮ್ ಬರಿಯೋವ್ರು ಬ್ಯಾರೆ ಕಡೆ ಎಲ್ಲಾ ಮೂವತ್ತು ಸೆಕೆಂಡು ಅಂತ ಕಣ್ಮುಚ್ಚಿ ಬರಕೊಂತ ಬಂದೀವಿ. ನೀವ ಹೇಳ್ರಿ, ಎಷ್ಟು ಬರೀಲಿ?"

ದಾಕ್ಷಾಯಣಿ ಸುಮ್ಮನಿರಿ ಎಂದು ಕೈಮಾಡಿದಳು. ಆ ಕಡೆಯವರು ಏನೋ ಹೇಳಲು ಬಾಯಿ ತೆರೆದಂತಿತ್ತು.