ಏಡನ್ ದಾರಿಯ ಟಿಕೆಟ್ಟು

ಟ್ರಂಕಿನ ಬೀಗ ಹಾಕಿದ್ದ ಹಾಗೇ ಇತ್ತು. ಒಳಗಿನ ಸೀರೆಗಳ ಮಡಿಕೆಯೂ ಕೆಟ್ಟಿರಲಿಲ್ಲ. ಪಾಸ್‌ಪೋರ್ಟು, ವಿಮಾನದ ಟಿಕೆಟ್ಟು ಇದ್ದ ಕಂದು ಕವರು ಮಾತ್ರ ಮಾಯವಾಗಿತ್ತು.

1979ರ ಆಗಸ್ಟ್ ತಿಂಗಳು, ಸೋಮವಾರ ಬೆಳಗ್ಗೆ. ನಾನು ಕೆಂಪಯ್ಯ, ತುರುವೇಕೆರೆ ಠಾಣೆಯ ದಫೇದಾರ. ದಬ್ಬೇಘಟ್ಟದ ಕೊಬ್ಬರಿ ವ್ಯಾಪಾರಿ ಸದಾಶಿವಯ್ಯನವರ ಮನೆಗೆ ಸೈಕಲ್ ತುಳಿದುಕೊಂಡು ಬಂದಿದ್ದೆ. ಕವರು ಕಳೆದುಕೊಂಡವರು ಅವರ ತಂಗಿ ಗಿರಿಜಾಂಬಿಕಾ, ಹೈಸ್ಕೂಲಿನ ವಿಜ್ಞಾನದ ಟೀಚರು. ಆಫ್ರಿಕಾದ ಜಾಂಬಿಯಾದಲ್ಲಿ ಅವರಿಗೆ ಕೆಲಸ ಸಿಕ್ಕಿತ್ತು. ಒಂದನೇ ತಾರೀಕಿನೊಳಗೆ ಹಾಜರಾಗದಿದ್ದರೆ ಆ ಕೆಲಸ ಬೇರೆಯವರ ಪಾಲು. ಬುಧವಾರ ಬೊಂಬಾಯಿಗೆ ರೈಲು ಹತ್ತಲೇಬೇಕು.

"ಯಾವ ವಿಮಾನ?" ಅಂದೆ.

"ಅಗ್ಗದ್ದು. ನೇರವಾಗಿ ಹೋಗೋದಕ್ಕೆ ಇದರ ಎರಡರಷ್ಟು ಕೇಳ್ತಾರೆ. ಇದು ಅರಬರ ನಾಡಿನ ಏಡನ್‌ನಲ್ಲಿ ಇಳಿಸಿ ಹತ್ತೊಂಬತ್ತು ಗಂಟೆ ಕೂರಿಸುತ್ತೆ. ನೈರೋಬಿಯಲ್ಲಿ ಇನ್ನೊಂದು ಏಳು ಗಂಟೆ."

"ಕಂಪನಿ ಹೆಸರು?"

"ಹೇಳಿದ್ರೂ ನಿಮಗೆ ಗೊತ್ತಾಗಲ್ಲ. ನನಗೂ ಗೊತ್ತಿರಲಿಲ್ಲ. ಅದರಲ್ಲಿ ಹೋಗಿದ್ದ ಟೀಚರೊಬ್ಬರಿಗೆ ಕಾಗದ ಬರೆದೆ. ವಿಮಾನ ಹಳೇದು, ಊಟ ಸಪ್ಪೆ, ಮಲಗೋಕೆ ಬೆಂಚೇ ಗತಿ, ಆದ್ರೆ ಊರು ಮುಟ್ಟಿಸ್ತಾರೆ ಅಂತ ಉತ್ತರ ಬಂತು. ನಂಗಷ್ಟು ಸಾಕು."

ಅಬ್ಬಾ ಹೆಂಗಸೇ! ಬಸ್ಸು ಅರ್ಧ ಗಂಟೆ ನಿಂತರೆ ಡ್ರೈವರನ ವಂಶ ಜಾಲಾಡುವ ಜನ ನಾವು.

"ಟ್ರಂಕಿನ ಕೀ?"

"ಗೋಡೆ ಮೊಳೇಲಿ. ಮನೆಗೆ ಬರೋರಿಗೆಲ್ಲ ಗೊತ್ತು. ಶನಿವಾರ ಸಂಜೆ ನೋಡ್ದಾಗ ಕವರಿತ್ತು."

ಸದಾಶಿವಯ್ಯ ಜಗುಲಿಯಿಂದಲೇ ಕೂಗಿದರು. "ಇನ್ಯಾರು ದಫೇದಾರ್ರೇ? ಹುಚ್ಚಣ್ಣನೇ ಕಣ್ರೀ ಕಳ್ಳ! ನಿನ್ನೆ ಹಿತ್ಲು ಗುಡಿಸೋಕೆ ಬಂದಿದ್ದ. ನಾಲ್ಕು ಒದ್ದು ಬಾಯಿ ಬಿಡಿಸಿ."

ಬೀದಿಯ ಜನವೆಲ್ಲ ಕೇಳಿಸಿಕೊಂಡರು.

*

ಹುಚ್ಚಣ್ಣ ಅವರ ತೋಟದ ಆಳು. ಅವನ ಗುಡಿಸಲನ್ನೆಲ್ಲ ಹುಡುಕಿದೆ. ರಾಗಿ ಮಡಕೆಯೊಳಕ್ಕೂ ಕೈ ಹಾಕಿದೆ. ಏನೂ ಸಿಗಲಿಲ್ಲ.

"ಒದ್ದು ಬುಡಿ ಸ್ವಾಮಿ," ಅಂದ ಅವನು, ತಲೆ ಎತ್ತಿಕೊಂಡೇ. "ಒದ್ರೂ ನಾನ್ ತಗಂಡಿಲ್ಲ. ಅಕ್ಕಾವ್ರು ನಮ್ಮ ಹುಡ್ಗೀಗೆ ಅಕ್ಷರ ಕಲಿಸ್ದೋರು. ಅವ್ರ ಪ್ರಯಾಣಕ್ಕೆ ನಾನ್ಯಾಕ್ ಕಲ್ಲು ಹಾಕ್ಲಿ?"

ನನಗೆ ಕೈ ಎತ್ತಲು ಮನಸ್ಸು ಬರಲಿಲ್ಲ. ಆದರೆ ಕವರು ಸಿಗದಿದ್ದರೆ ಸಾಯುವವರೆಗೂ ಅವನು ಈ ಊರಿಗೆ ಕಳ್ಳನೇ.

*

ಮಂಗಳವಾರ ಮಧ್ಯಾಹ್ನ ಮತ್ತೆ ಹೋದೆ. ಸದಾಶಿವಯ್ಯ ತೋಟಕ್ಕೆ ಹೋಗಿದ್ದರು. ಅವರ ಹೆಂಡತಿ ಶಿವರುದ್ರಮ್ಮ ಬಿಡದೆ ಊಟಕ್ಕೆ ಕೂರಿಸಿದರು. ಮುದ್ದೆ ಮುರಿದು ಸಾರಿಗೆ ಅದ್ದಿದೆ. ನಾಲಿಗೆ ತಕರಾರು ತೆಗೆಯಿತು. ಹಸಿ ಕಾಯಿಯ ರುಚಿಯಲ್ಲ, ಕೊಬ್ಬರಿಯದೂ ಅಲ್ಲ.

"ಯಾವ ಕಾಯಮ್ಮ ಇದು?"

"ಅಟ್ಟದ್ದು ಕಣಪ್ಪ. ಇನ್ನೂ ನೀರೇ ಇಂಗಿಲ್ಲ. ಭಾನುವಾರ ನಮ್ಮನೆಯವ್ರೇ ಆರು ಕಾಯಿ ಸುಲಿದು ತಂದ್ರು, ಸಾರಿಗೆ ಹಾಕ್ಕೊ ಅಂದ್ರು. ಮೂರು ದಿನದಿಂದ ಇದೇ ಆಗೋಯ್ತು."

ಕೊಬ್ಬರಿಯಾಗಲೆಂದು ಸಂಕ್ರಾಂತಿಗೆ ಅಟ್ಟಕ್ಕೇರಿಸಿದ ಕಾಯಿಯನ್ನು ವರ್ಷ ತುಂಬುವ ಮೊದಲೇ, ಶ್ರಾವಣದಲ್ಲಿ ಇಳಿಸುವವರುಂಟೇ? ಕೈ ತೊಳೆದವನೇ ಏಣಿ ಹಾಕಿ ಅಟ್ಟ ಹತ್ತಿದೆ. ಸಾವಿರಾರು ಕಾಯಿ, ಎಲ್ಲದರ ಮೇಲೂ ಹೊಗೆಯ ಮಸಿ. ಮೂಲೆಯಲ್ಲಿ ಒಂದು ತಗ್ಗು. ಅದರ ತಳದಲ್ಲಿ ಕಂದು ಕವರು!

*

ಸಂಜೆ ಎಲ್ಲರನ್ನೂ ಪಡಸಾಲೆಯಲ್ಲಿ ಸೇರಿಸಿ, ಅಟ್ಟದಲ್ಲಿ ಸಿಕ್ಕಿತೆಂದು ಹೇಳಿ ಕವರನ್ನು ಮುಂದಿಟ್ಟೆ.

"ನಾನು ಹೇಳ್ಲಿಲ್ವಾ? ಹುಚ್ಚಣ್ಣನೇ ಬಚ್ಚಿಟ್ಟವ್ನೆ," ಅಂದರು ಸದಾಶಿವಯ್ಯ.

"ಅವನಾಗಿದ್ರೆ ಕವರಿಟ್ಟು, ಅದರ ಮೇಲೆ ಅದೇ ಕಾಯಿ ಮುಚ್ಚಿ ಹೋಗ್ತಿದ್ದ. ಕಾಯಿ ಕೆಟ್ರೆ ಅವನದ್ದೇನು ಹೋಯ್ತು? ನಾನೂ ತೆಂಗಿನ ಸೀಮೆಯವನೇ ಸ್ವಾಮಿ. ನೀರು ಇಂಗೋವರೆಗೂ ಅಟ್ಟದ ಕಾಯಿ ಅಲುಗಿಸಬಾರದು, ಅಲುಗಿಸಿದ್ದು ಕೆಟ್ಟು ಪಕ್ಕದ್ದನ್ನೂ ಕೆಡಿಸುತ್ತೆ ಅಂತ ನಮ್ಮಪ್ಪನೂ ಹೇಳ್ತಿದ್ದ. ಕವರಿಗೆ ಜಾಗ ಮಾಡೋಕೆ ಆರು ಕಾಯಿ ಎತ್ತಿದ್ರಿ. ವಾಪಸ್ ಇಡೋಕೆ ನಿಮಗೆ ಧೈರ್ಯ ಬರಲಿಲ್ಲ. ಬಿಸಾಡೋಕೆ ಮನಸ್ಸೂ ಬರಲಿಲ್ಲ. ಸುಲಿದು ಅಡುಗೆಮನೆಗೆ ಕೊಟ್ರಿ. ಸೀರೆ ಮಡಿಕೆ ಕೆಡದ ಹಾಗೆ ಕವರು ತೆಗೆದವರಿಗೆ ಅದು ಎಲ್ಲಿದೆ ಅಂತ ಮೊದಲೇ ಗೊತ್ತಿತ್ತು. ಹಿತ್ಲು ಗುಡಿಸೋನಿಗೆ ಹೇಗೆ ಗೊತ್ತಾಗ್ಬೇಕು?"

ಶಿವರುದ್ರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸದಾಶಿವಯ್ಯ ಕಂಬಕ್ಕೊರಗಿ ಕುಳಿತರು.

"ತಿಪಟೂರು ಮಂಡೀಲಿ ಎಲ್ರಿಗೂ ಹೇಳ್ಕೊಂಡಿದ್ದೆ, ತಂಗೀನ ದೊಡ್ಡ ಕಂಪನಿ ವಿಮಾನದಲ್ಲಿ ನೇರ ಕಳಿಸ್ತೀನಿ ಅಂತ. ನನ್ ಕೈಲಾಗ್ಲಿಲ್ಲ. ಸದಾಶಿವಯ್ಯನ ತಂಗಿ ಕಂಡೋರ ಊರಲ್ಲಿ ಬೆಂಚಿನ ಮೇಲೆ ಬಿದ್ಕೊಂಡು ಹೋದ್ಲಂತೆ ಅನ್ನಿಸ್ಕೊಳ್ಳೋದಕ್ಕಿಂತ, ಟಿಕೆಟ್ ಕಳೆದು ಉಳಕೊಂಡ್ಲು ಅನ್ನೋದೇ ಮರ್ಯಾದೆ ಅನ್ನಿಸ್ತು."

"ಬೆಂಚಿನ ಮೇಲೆ ಮಲಗೋಳು ನಾನು," ಅಂದರು ಗಿರಿಜಾಂಬಿಕಾ. "ನಿನ್ನ ಬೆನ್ನು ಯಾಕಣ್ಣ ನೋಯ್ಬೇಕು? ಹತ್ತೊಂಬತ್ತು ಗಂಟೆಯಲ್ಲ, ಹತ್ತೊಂಬತ್ತು ದಿನ ಕೂರಿಸಿದ್ರೂ ನಾನು ಹೋಗೋಳೇ!"

"ಕವರು ಸಿಕ್ತಲ್ಲ, ಮನೆ ವಿಷಯ, ದೂರು ಬೇಡ ಬುಡಿ," ಅಂದೆ ನಾನು.

"ದೂರು ಬೇಡ. ಹುಚ್ಚಣ್ಣನ್ನ ಕಳ್ಳ ಅಂದಿದ್ದು ಬೀದೀಲಿ. ತಪ್ಪು ಒಪ್ಪೋದೂ ಬೀದೀಲೇ ಆಗ್ಬೇಕು," ಅಂದರು ಗಿರಿಜಾಂಬಿಕಾ.

ಸದಾಶಿವಯ್ಯ ಮುಖ ತಿರುಗಿಸಿದರು.

*

ಬುಧವಾರ ತಿಪಟೂರು ಬಸ್ಸು ಬಂತು. ಟ್ರಂಕು ಮೇಲೇರಿತು. ಗಿರಿಜಾಂಬಿಕಾ ಮೆಟ್ಟಿಲಿಗೆ ಒಂದು ಕಾಲಿಟ್ಟು ನಿಂತೇಬಿಟ್ಟರು.

"ಹತ್ತಮ್ಮ, ರೈಲು ತಪ್ಪುತ್ತೆ," ಅಂದರು ಅಣ್ಣ.

"ತಪ್ಪಲಿ. ಹುಚ್ಚಣ್ಣ ಅಲ್ಲೇ ನಿಂತವ್ನೆ. ಹೇಳು."

"ಬುಡೀ ಅಕ್ಕಾ, ಹೊರಡಿ," ಅಂದ ಹುಚ್ಚಣ್ಣ.

"ನೀನು ಸುಮ್ನಿರು."

ಕಂಡಕ್ಟರು ಸೀಟಿ ಊದಿದ. ಗಿರಿಜಾಂಬಿಕಾ ಮೆಟ್ಟಿಲ ಮೇಲಿದ್ದ ಕಾಲನ್ನೂ ಕೆಳಗಿಳಿಸಿ, "ನನ್ನ ಟ್ರಂಕು ಇಳಿಸಪ್ಪಾ," ಅಂದರು. ನಾನು ಇಷ್ಟು ಕಷ್ಟಪಟ್ಟು ಹುಡುಕಿಕೊಟ್ಟ ಟಿಕೆಟ್ಟು ಕಣ್ರೀ ಅದು!

ಸದಾಶಿವಯ್ಯ ತಂಗಿಯ ಮುಖ ನೋಡಿದರು. ಆಮೇಲೆ ಹುಚ್ಚಣ್ಣನ ಮುಂದೆ ಹೋಗಿ ನಿಂತರು.

"ಕವರು ತೆಗೆದಿದ್ದು ನಾನು. ತಪ್ಪಾಯ್ತು ಕಣಪ್ಪ."

"ಜೋರಾಗಿ," ಅಂದರು ತಂಗಿ.

"ತಪ್ಪಾಯ್ತು ಕಣಪ್ಪ ಹುಚ್ಚಣ್ಣ!"

ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದವರೆಲ್ಲ ಹೊರಗೆ ಬಂದರು. ಹುಚ್ಚಣ್ಣ ಕಣ್ಣೊರೆಸಿಕೊಂಡ. ಗಿರಿಜಾಂಬಿಕಾ ಬಸ್ಸು ಹತ್ತಿ ಕಿಟಕಿ ಪಕ್ಕ ಕುಳಿತರು.

"ಎಲ್ಲಿಗಮ್ಮಾ?" ಅಂದ ಕಂಡಕ್ಟರು.

"ಜಾಂಬಿಯಾಕ್ಕೆ. ಸದ್ಯಕ್ಕೆ ತಿಪಟೂರಿಗೆ ಕೊಡಿ."